ಮನೆ ಸಿಗದೆ ಬ್ಯಾಂಕಿಲ್ಲ: ದಾವಣಗೆರೆಯಿಂದ ಕೆಮ್ನಿಟ್ಸ್‌ಗೆ ಹೋದ ನನ್ನ ಅನುಭವ

ಕಳೆದ ವಾರ ವಿದ್ಯಾನಗರದ ನಮ್ಮ ಮನೆಗೆ ಎದುರು ಮನೆ ಹುಡುಗ ಬಂದ. ಕಂಕುಳಲ್ಲಿ ಫೈಲು. ಅಕ್ಟೋಬರ್‌ಗೆ ಜರ್ಮನಿಗೆ ಹೊರಟಿದ್ದಾನೆ, ಎಂ.ಎಸ್. ಓದಲು. "ಅಣ್ಣಾ, ಅಲ್ಲಿ ಯಾವ ಬ್ಯಾಂಕಲ್ಲಿ ಅಕೌಂಟ್ ಮಾಡಿಸಿದ್ರೆ ಒಳ್ಳೇದು?" ಅಂತ ಕೇಳಿದ. "ಮಲಗೋದು ಎಲ್ಲಿ ಅಂತ ಗೊತ್ತಾಯ್ತಾ?" ಅಂದೆ. "ಅದನ್ನ ಹೋದ್ಮೇಲೆ ನೋಡ್ಕೊಂಡ್ರಾಯ್ತು ಬಿಡಣ್ಣ" ಅಂದ. 2023ರಲ್ಲಿ ನಾನೂ ಹೀಗೇ ಅಂದಿದ್ದೆ. ಅದಕ್ಕೇ ಕೂರಿಸಿಕೊಂಡು ಎಲ್ಲಾ ಹೇಳಿದೆ. ರಜೆಗೆ ಊರಿಗೆ ಬಂದಿದ್ದೇನೆ, ಟೈಮೂ ಇತ್ತು.

ನಾನು ನಮ್ಮೂರಿನ ಬಿಐಇಟಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದಿದವನು. ಸೀಟು ಸಿಕ್ಕಿದ್ದು ಕೆಮ್ನಿಟ್ಸ್ ಊರಿನ ಟೆಕ್ನಿಕಲ್ ಯೂನಿವರ್ಸಿಟಿಯಲ್ಲಿ. ಪೂರ್ವ ಜರ್ಮನಿಯ ಊರು. ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಾರಲ್ವಾ, ಬಟ್ಟೆ ಗಿರಣಿಗಳಿದ್ದ ಆ ಊರಿಗೂ ಸ್ಯಾಕ್ಸನಿಯ ಮ್ಯಾಂಚೆಸ್ಟರ್ ಅನ್ನೋ ಹೆಸರಿತ್ತು. ಅಪ್ಪನಿಗೆ ಹೇಳಿದೆ. "ಹಂಗಾದ್ರೆ ಅಲ್ಲೂ ಮಿಲ್ ಮುಚ್ಚಿರ್ತಾವೆ ಬಿಡು" ಅಂದರು. ನಿಜ, ಹೆಚ್ಚಿನವು ಮುಚ್ಚಿವೆ. 1990ರ ನಂತರ ಕೆಲಸ ಹುಡುಕಿಕೊಂಡು ಜನ ಊರು ಬಿಟ್ಟರು, ಮನೆಗಳು ಖಾಲಿ ಬಿದ್ದವು. ಮ್ಯೂನಿಕ್‌ಗೆ ಹೋಲಿಸಿದರೆ ಅಲ್ಲಿ ಬಾಡಿಗೆ ತೀರಾ ಕಮ್ಮಿ ಇರುವುದಕ್ಕೆ ಅದೂ ಒಂದು ಕಾರಣ.

ಮೊದಲು ದುಡ್ಡಿನ ಮಾತು. ವೀಸಾಕ್ಕೆ ಬ್ಲಾಕ್ಡ್ ಅಕೌಂಟ್ ಬೇಕು. ಒಂದು ವರ್ಷದ ಖರ್ಚನ್ನು ಮೊದಲೇ ತುಂಬಿಡಬೇಕು. ನಾನು ಹೋಗುವಾಗ 11,208 ಯೂರೋ ಇತ್ತು, ಆಗಿನ ಲೆಕ್ಕದಲ್ಲಿ ಸುಮಾರು 10 ಲಕ್ಷ ರೂಪಾಯಿ. 2024ರ ಸೆಪ್ಟೆಂಬರ್‌ನಿಂದ ಅದು 11,904 ಆಯಿತು. ಮಂಡಿಪೇಟೆಯ ಸಣ್ಣ ಅಂಗಡಿಯ ಮೇಲೆ ಬದುಕುವ ನಮಗೆ ಅಷ್ಟು ಎಲ್ಲಿಂದ ಬರಬೇಕು? ಎಜುಕೇಶನ್ ಲೋನ್ ತೆಗೆದೆವು. ಏಳೂವರೆ ಲಕ್ಷ ದಾಟಿದ್ದಕ್ಕೆ ಅಡಮಾನ ಕೇಳಿದರು. ಮನೆ ಪತ್ರ, ಇಸಿ (ಋಣಭಾರ ಪತ್ರ), ಪಾಲಿಕೆಯ ಖಾತೆ, ವಕೀಲರ ಒಪೀನಿಯನ್ ಅಂತ ಒಂದು ತಿಂಗಳು ಓಡಾಟ. ಈಗಿನವರಿಗೆ ಒಂದು ಅನುಕೂಲ ಇದೆ. ಬ್ಯಾಂಕಿನ ಎಜುಕೇಶನ್ ಲೋನ್ ದುಡ್ಡನ್ನು ಹೊರದೇಶಕ್ಕೆ ಕಳಿಸಿದರೆ 2025ರ ಏಪ್ರಿಲ್‌ನಿಂದ ಟಿಸಿಎಸ್, ಅಂದರೆ ಕಳಿಸುವಾಗಲೇ ಮುರಿದುಕೊಳ್ಳುವ ತೆರಿಗೆ, ಹಿಡಿಯುವುದಿಲ್ಲ.

ದುಡ್ಡು ಹೋಯಿತು, ವೀಸಾ ಬಂತು. ಗೆದ್ದೆ ಅಂದುಕೊಂಡೆ. ಆದರೆ ಆ ದುಡ್ಡು ಅಲ್ಲಿ ಇಳಿದ ದಿನ ಕೈಗೆ ಬರುವುದಿಲ್ಲ. ತಿಂಗಳಿಗೆ ಇಷ್ಟು ಅಂತ ಬಿಡುತ್ತಾರೆ, ನನಗೆ ಆಗ 934 ಯೂರೋ ಇತ್ತು, ಅದೂ ನಿಮ್ಮ ಹೆಸರಿನ ಮಾಮೂಲಿ ಖಾತೆಗೆ. ಆ ಖಾತೆ ತೆರೆಯಲು ಬ್ಯಾಂಕಿನವರು ವಿಳಾಸ ನೋಂದಣಿ ಪತ್ರ ಕೇಳಿದರು. ನೋಂದಣಿ ಮಾಡಿಸಲು ಮನೆ ಮಾಲೀಕ ಸಹಿ ಹಾಕಿದ ಒಂದು ಹಾಳೆ ಬೇಕು. ಆ ಹಾಳೆಯ ಹೆಸರು ವೋನುಂಗ್ಸ್‌ಗೇಬರ್‌ಬೆಸ್ಟೇಟಿಗುಂಗ್. ಹೇಳಿ ಮುಗಿಸುವಷ್ಟರಲ್ಲಿ ಹರಿಹರ ಬಂದಿರುತ್ತೆ. 'ಇವನು ಇಂಥ ತಾರೀಖಿನಿಂದ ನನ್ನ ಮನೆಯಲ್ಲಿದ್ದಾನೆ' ಅನ್ನುವ ಎರಡು ಸಾಲು, ಅಷ್ಟೇ. ನನ್ನ ಮೊದಲ ತಿಂಗಳು ಪೂರ್ತಿ ಆ ಎರಡು ಸಾಲಿಗಾಗಿ ಹೋಯಿತು.

ತಪ್ಪು ಶುರುವಾಗಿದ್ದು ಇಲ್ಲೇ, ದಾವಣಗೆರೆಯಲ್ಲಿ. ಅಡ್ಮಿಷನ್ ಲೆಟರ್ ಬಂದ ದಿನವೇ ವಿದ್ಯಾರ್ಥಿ ನಿಲಯಕ್ಕೆ ಅರ್ಜಿ ಹಾಕಬೇಕಿತ್ತು. ಅಲ್ಲಿ ಹಾಸ್ಟೆಲ್ ನಡೆಸುವುದು ಯೂನಿವರ್ಸಿಟಿ ಅಲ್ಲ, ಸ್ಟುಡೆಂಟನ್‌ವೆರ್ಕ್ ಅನ್ನುವ ಬೇರೆ ಸಂಸ್ಥೆ. ನಾನು ವೀಸಾ ಬರಲಿ ಅಂತ ಕೂತೆ. ಅಷ್ಟರಲ್ಲಿ ರೈಖೆನ್‌ಹೈನರ್ ರಸ್ತೆಯ ಹಾಸ್ಟೆಲ್‌ಗಳ ವೇಟಿಂಗ್ ಲಿಸ್ಟ್ ಬೆಳೆದಿತ್ತು.

ಆಮೇಲೆ ಇಂಟರ್ನೆಟ್‌ನಲ್ಲಿ ರೂಮು ಹುಡುಕಿದೆ. ಒಂದು ಚಂದದ ಮನೆ ಸಿಕ್ಕಿತು, ಬಾಡಿಗೆಯೂ ಕಮ್ಮಿ. ಓನರ್ ಲಂಡನ್‌ನಲ್ಲಿದ್ದಾನಂತೆ. ಎರಡು ತಿಂಗಳ ಅಡ್ವಾನ್ಸ್ ಕಳಿಸಿದರೆ ಕೀ ಕೊರಿಯರ್ ಮಾಡ್ತಾನಂತೆ. ನಾನು ಕಳಿಸುವವನೇ. ಅಪ್ಪ ಕೇಳಿದರು, "ಅಲ್ಲಪ್ಪ, ಮುಖ ನೋಡದವನಿಗೆ, ಕಾಣದ ಮನೆಗೆ ಅಡ್ವಾನ್ಸ್ ಯಾವನ್ ಕೊಡ್ತಾನೆ?" ಆ ಫೋಟೋಗಳನ್ನು ಹುಡುಕಿದರೆ ಬೇರೆ ದೇಶದ ಹೋಟೆಲ್ ಒಂದರವು! ಮಂಡಿಪೇಟೆ ಬುದ್ಧಿ ಅಂತ ನಗಾಡಬೇಡಿ, ಅವತ್ತು ದುಡ್ಡು ಉಳಿಸಿದ್ದು ಅದೇ.

ಕೊನೆಗೆ ಅಲ್ಲಿದ್ದ ಹುಡುಗನೊಬ್ಬ ತನ್ನ ರೂಮಿನಲ್ಲೇ ಹಾಸಿಗೆ ಹಾಕಿಕೊಟ್ಟ, ತಿಂಗಳಿಗೆ 150 ಯೂರೋ. ಅಗ್ಗ ಅಂತ ಖುಷಿಪಟ್ಟೆ. ಹೋದ ಮೇಲೆ ಗೊತ್ತಾಯಿತು, ಅವನಿಗೆ ಒಳಬಾಡಿಗೆ ಕೊಡುವ ಅನುಮತಿ ಇರಲಿಲ್ಲ. ಅಂದ ಮೇಲೆ ಹಾಳೆಯೂ ಇಲ್ಲ. ಮನೆಗೆ ಬಂದ ಎರಡು ವಾರದೊಳಗೆ ನೋಂದಣಿ ಆಗಬೇಕು ಅನ್ನುವುದು ಅಲ್ಲಿನ ಕಾನೂನು. ಸ್ನೇಹಿತನ ವಿಳಾಸ ಹಾಕಿಸಿಬಿಡು ಅಂತ ಒಬ್ಬರು ಐಡಿಯಾ ಕೊಟ್ಟರು. ವಾಸ ಮಾಡದ ವಿಳಾಸವನ್ನು ಹಾಗೆ ಕೊಟ್ಟವನಿಗೆ 50,000 ಯೂರೋವರೆಗೆ ದಂಡ ಬೀಳಬಹುದು ಅಂತ ಓದಿ ಸುಮ್ಮನಾದೆ.

ಮೂರು ವಾರ ಇಲ್ಲಿಂದಲೇ ಯೂರೋ ತುಂಬಿಸಿಕೊಂಡು ಹೋಗಿದ್ದ ಫೋರೆಕ್ಸ್ ಕಾರ್ಡು, ಜೇಬಿನ ನೋಟುಗಳಲ್ಲೇ ಬದುಕಿದೆ. ಬೇಕರಿಯಲ್ಲಿ ಕಾರ್ಡ್ ಕೊಟ್ಟರೆ ಆಕೆ ತಲೆ ಅಲ್ಲಾಡಿಸಿ ನಗದು ಡಬ್ಬ ತೋರಿಸಿದಳು. ಅಷ್ಟು ದೂರ ಹೋಗಿ ಬ್ರೆಡ್ಡಿಗೆ ಚಿಲ್ಲರೆ ಹುಡುಕುವ ಪರಿಸ್ಥಿತಿ. ಅಮ್ಮ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ ಇತ್ತು, ಬಚಾವಾದೆ.

ಮನೆ ಸಿಕ್ಕಿದ್ದು ವೇಗೇಯಲ್ಲಿ. ಅಂದರೆ ಮೂರು ನಾಲ್ಕು ಜನ ಒಂದೇ ಮನೆ ಹಂಚಿಕೊಂಡು, ಒಬ್ಬೊಬ್ಬರು ಒಂದೊಂದು ರೂಮಿನಲ್ಲಿ ಇರುವುದು. ಇಲ್ಲಿ ಟು ಲೆಟ್ ಬೋರ್ಡ್ ನೋಡಿ ಹೋದರೆ 'ಯಾವ ಕಡೆಯವ್ರು, ವೆಜ್ಜಾ ನಾನ್‌ವೆಜ್ಜಾ' ಅಂತ ಕೇಳ್ತಾರಲ್ವಾ? ಅಲ್ಲಿ ಕೇಳಿದ್ದು ಬೇರೆ. ಬಾತ್‌ರೂಮ್ ತೊಳೆಯುವ ಪಾಳಿ ಒಪ್ಪುತ್ತೀಯಾ, ರಾತ್ರಿ ಫೋನಿನಲ್ಲಿ ಜೋರಾಗಿ ಮಾತಾಡ್ತೀಯಾ ಅಂತ. ಎರಡನೆಯದಕ್ಕೆ ಸುಳ್ಳು ಹೇಳಿದೆ. ನಾನು ಕೇಳಿದ್ದು ಒಂದೇ: "ಇಲ್ಲಿ ನೋಂದಣಿ ಮಾಡಿಸಬಹುದಾ?" ಹೌದು ಅಂದರು. ರೂಮು ಸರಿಯಾಗಿ ನೋಡದೆಯೇ ಒಪ್ಪಿಕೊಂಡೆ.

ಬಾಡಿಗೆಯಲ್ಲಿ ತಣ್ಣಗಿನದು, ಬಿಸಿಯದು ಅಂತ ಎರಡಿವೆ. ಕಾಲ್ಟ್‌ಮೀಟ ಅಂದರೆ ಬರೀ ಗೋಡೆಯ ಬಾಡಿಗೆ. ವಾರ್ಮ್‌ಮೀಟದಲ್ಲಿ ಹೀಟರು, ನೀರು, ಕಸದ ಖರ್ಚೂ ಸೇರುತ್ತೆ. ಕರೆಂಟು ಮತ್ತೆ ಬೇರೆ ಇರಬಹುದು, ಕೇಳಿಕೊಳ್ಳಿ. ನನ್ನದು ಬಿಸಿಯದು, 290 ಯೂರೋ. ಅಡ್ವಾನ್ಸ್ ಮೂರು ತಿಂಗಳ ತಣ್ಣಗಿನ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ. ಅದನ್ನೂ ಮೂರು ಕಂತಿನಲ್ಲಿ ಕಟ್ಟಬಹುದು, ಕಾನೂನಿನಲ್ಲೇ ಇದೆ. ನನಗೆ ಗೊತ್ತಿರಲಿಲ್ಲ, ಸ್ನೇಹಿತರ ಹತ್ತಿರ ಸಾಲ ಮಾಡಿ ಒಂದೇ ಸಲ ಕಟ್ಟಿದೆ. ಇನ್ನೊಂದು, ಒಬ್ಬರೇ ಪೂರ್ತಿ ಮನೆ ಹಿಡಿಯುವವರು ಅಡುಗೆಮನೆ ಇದೆಯಾ ಅಂತ ನೋಡಿ. ಅಲ್ಲಿ ಎಷ್ಟೋ ಬಾಡಿಗೆ ಮನೆಗಳಿಗೆ ಒಲೆ, ಸಿಂಕು ಏನೂ ಇರುವುದಿಲ್ಲ. ಹಳೇ ಬಾಡಿಗೆದಾರ ಬಿಚ್ಚಿಕೊಂಡು ಹೋಗಿರ್ತಾನೆ!

ಹಾಳೆ ಕೈಗೆ ಬಂದ ಮೇಲೆ ಕೆಲಸ ಸರಸರ ಆಯಿತು. ಬ್ಯುರ್ಗರ್ ಆಮ್ಟ್, ನಮ್ಮ ಪಾಲಿಕೆ ಕಚೇರಿ ಇದ್ದ ಹಾಗೆ. ಹತ್ತೇ ನಿಮಿಷಕ್ಕೆ ನೋಂದಣಿ ಪತ್ರ ಕೊಟ್ಟರು. ಖಾತೆ ಮಾತ್ರ ಎರಡನೇ ಸಲಕ್ಕೆ ಆಯಿತು. ಆನ್‌ಲೈನ್ ಬ್ಯಾಂಕ್ ಒಂದರಲ್ಲಿ ವಿಡಿಯೋ ಕಾಲ್‌ನಲ್ಲಿ ಪಾಸ್‌ಪೋರ್ಟ್ ನೋಡಿ "ಸರ್‌ನೇಮ್ ಎಲ್ಲಿ?" ಅಂದರು. ನಮ್ಮ ಕಡೆ ಸರ್‌ನೇಮ್ ಎಲ್ಲಿರುತ್ತೆ? ಇನಿಷಿಯಲ್ ಇರುತ್ತೆ, ಅಪ್ಪನ ಹೆಸರಿರುತ್ತೆ. ಅವರು ಕಾಲ್ ಕಟ್ ಮಾಡಿದರು. ಎಂಟು ದಿನ ಕಾದು ಅಪಾಯಿಂಟ್‌ಮೆಂಟ್ ಹಿಡಿದು, ಕೌಂಟರ್ ಇರುವ ಬ್ಯಾಂಕಿಗೆ ಹೋದೆ. ಪಾಸ್‌ಪೋರ್ಟ್, ನೋಂದಣಿ ಪತ್ರ, ಕಾಲೇಜಿನ ಎನ್‌ರೋಲ್‌ಮೆಂಟ್ ಪತ್ರ ಇಟ್ಟೆ. ಅಲ್ಲಿನ ಹೆಂಗಸು ನನ್ನ ಹೆಸರನ್ನು ಎರಡು ಸಲ ಓದಿ, ನಕ್ಕು, ಖಾತೆ ತೆರೆದಳು.

ಎಟಿಎಂ ಕಾರ್ಡು, ಪಿನ್ನು ಬೇರೆ ಬೇರೆ ಕವರಿನಲ್ಲಿ ಪೋಸ್ಟಿಗೆ ಬರುತ್ತವೆ. ಹತ್ತು ದಿನ ಕಾದರೂ ಬರಲಿಲ್ಲ. ವಿಚಾರಿಸಿದರೆ ವಾಪಸ್ ಹೋಗಿದೆಯಂತೆ. ಅಲ್ಲಿ ನಮ್ಮ ಹಾಗೆ 'ಇಷ್ಟನೇ ಕ್ರಾಸ್, ಆಂಜನೇಯ ಗುಡಿ ಹಿಂದೆ' ಅಂತ ಪೋಸ್ಟ್‌ಮ್ಯಾನ್ ಹುಡುಕುವುದಿಲ್ಲ. ಡಬ್ಬದ ಮೇಲೆ ಹೆಸರಿದ್ದರೆ ಹಾಕ್ತಾರೆ, ಇಲ್ಲದಿದ್ದರೆ ವಾಪಸ್. ನಮ್ಮ ಡಬ್ಬದ ಮೇಲೆ ಹಳೇ ಹುಡುಗನ ಹೆಸರೇ ಇತ್ತು. ಬಿಳಿ ಟೇಪಿನ ಮೇಲೆ ಪಾಸ್‌ಪೋರ್ಟ್‌ನಲ್ಲಿರುವ ಹಾಗೇ ಪೂರ್ತಿ ಹೆಸರು ಬರೆದೆ, ಅಪ್ಪನ ಹೆಸರೂ ಸೇರಿಸಿ. ಉದ್ದ ಆಗಿ ಟೇಪು ಡಬ್ಬದ ಪಕ್ಕಕ್ಕೆ ಮಡಚಿಕೊಂಡಿತು. ಮುಂದಿನ ವಾರ ಕಾರ್ಡ್ ಬಂತು, ಪಿನ್ ಬಂತು, ಟ್ಯಾಕ್ಸ್ ನಂಬರಿನ ಕಾಗದವೂ ಬಂತು. ಕೇಳದೇ ಇದ್ದ ಒಂದು ಬಿಲ್ಲೂ ಬಂತು: ರೇಡಿಯೋ ಟಿವಿ ಶುಲ್ಕ, ತಿಂಗಳಿಗೆ 18.36 ಯೂರೋ. ಟಿವಿ ಇಲ್ಲದಿದ್ದರೂ ಕಟ್ಟಬೇಕು. ಮನೆಗೆ ಒಂದೇ ಶುಲ್ಕವಾದ್ದರಿಂದ ನಾವು ಹಂಚಿಕೊಂಡೆವು.

ಮೊದಲ 934 ಯೂರೋ ಖಾತೆಗೆ ಬಿದ್ದಾಗ ನವೆಂಬರ್ ಮುಗಿಯುತ್ತಾ ಬಂದಿತ್ತು. ಅಪ್ಪನಿಗೆ ಫೋನ್ ಮಾಡಿದೆ. "ಬಾಡಿಗೆ ಕಟ್ಟಿದ್ಯಾ?" ಅಂತಷ್ಟೇ ಕೇಳಿದರು.

ನಿನ್ನೆ ಸಂಜೆ ಎದುರು ಮನೆ ಹುಡುಗ ಮೊಬೈಲ್ ಹಿಡಿದು ಮತ್ತೆ ಬಂದ. ಎರಡು ರೂಮು ನೋಡಿದ್ದಾನೆ, ಒಂದು 220, ಒಂದು 310. ಅಗ್ಗದವನು ನೋಂದಣಿ ಬಗ್ಗೆ ಕೇಳಿದ್ದಕ್ಕೆ ಉತ್ತರವೇ ಕೊಟ್ಟಿಲ್ಲವಂತೆ. "310ರದು ಜಾಸ್ತಿ ಆಯ್ತು ಅಂತಾರೆ ಅಣ್ಣ ನಮ್ಮಮ್ಮ, ನೀವೇ ಬಂದು ಹೇಳ್ರಿ" ಅಂದ. ಚಪ್ಪಲಿ ಮೆಟ್ಟಿಕೊಂಡು ಅವರ ಮನೆಗೆ ಹೊರಟೆ.