ಪಾರ್ಕಿನ್ಸನ್ ಇರುವವರು ‘ಮರೆವಿನ ಪುಸ್ತಕ’ ಬರೆಯುವುದು ಹೇಗೆ?

ಮುಂಬಯಿಯ ಆಸ್ಪತ್ರೆಗಳಲ್ಲಿ ನರರೋಗ ವೈದ್ಯರ ಕೋಣೆಯ ಹೊರಗೆ ಕುಳಿತು ನಾನು ಮತ್ತೆ ಮತ್ತೆ ಕಂಡದ್ದು ಇದು. ಕೈ ನಡುಗಿಸುವ, ಚಲನೆಯನ್ನು ನಿಧಾನವಾಗಿಸುವ ಪಾರ್ಕಿನ್ಸನ್ ಕಾಯಿಲೆ ಇರುವ ಹಿರಿಯರು ಬೆಂಚಿನ ಮೇಲೆ ಕುಳಿತು ನಮ್ಮೊಡನೆ ಕನ್ನಡದಲ್ಲಿ ಅರ್ಧ ಗಂಟೆ ಕಷ್ಟ ಹೇಳಿಕೊಳ್ಳುತ್ತಾರೆ. ‘ಒಲೆಯ ಮುಂದೆ ನಿಂತರೆ ಮುಂದೇನು ಎಂದು ತೋಚುವುದಿಲ್ಲ’, ‘ಇಬ್ಬರು ಒಟ್ಟಿಗೆ ಮಾತನಾಡಿದರೆ ಒಂದೂ ತಲೆಗೆ ಹತ್ತುವುದಿಲ್ಲ’. ಸರದಿ ಬಂದು ಒಳಗೆ ಹೋದ ಕೂಡಲೇ ಜೊತೆಗಿರುವ ಮಗ ಇಷ್ಟನ್ನೂ ಹಿಂದಿಯಲ್ಲಿ ‘ಯಾದ್ದಾಶ್ತ್ ಕಮ್‌ಜೋರ್ ಹೈ’ (ನೆನಪಿನ ಶಕ್ತಿ ಕಡಿಮೆ) ಎಂದು ಮುಗಿಸಿಬಿಡುತ್ತಾನೆ. ಕೇಸ್ ಪೇಪರಿನ ಮೇಲೆ ‘ಮರೆವು’ ಎಂಬ ಒಂದು ಪದ ಬೀಳುತ್ತದೆ.

ನಾನೂ ಹೀಗೆಯೇ ಮಾಡಿದ್ದೆ. ಪಾರ್ಕಿನ್ಸನ್ ಇರುವ ನನ್ನ ತಂದೆ ಮಾಟುಂಗದ ಹೋಟೆಲೊಂದರ ಗಲ್ಲಾದಲ್ಲಿ ಮೂವತ್ತು ವರ್ಷ ಕುಳಿತವರು. ‘ಚಿಲ್ಲರೆ ಎಣಿಸುವಾಗ ಯಾರಾದರೂ ಮಾತನಾಡಿಸಿದರೆ ಲೆಕ್ಕ ಕೈಜಾರುತ್ತದೆ’ ಎಂದು ಅವರು ಹೇಳಿದ್ದನ್ನು ನಾನು ‘ಮರೆವು’ ಎಂದು ಅನುವಾದಿಸಿದೆ. ಎಂಟು ತಿಂಗಳು ನೆನಪಿನ ಶಕ್ತಿಯ ಟಾನಿಕ್ ಕುಡಿದರು. ಲೆಕ್ಕ ಜಾರುವುದು ನಿಲ್ಲಲಿಲ್ಲ. ಆಮೇಲೆ ಅವರ ಮಾತನ್ನು ಅವರ ಮಾತಿನಲ್ಲೇ ಬರೆದುಕೊಂಡು ಹೋದೆವು. ಆ ದಿನ ವೈದ್ಯರು ಮೊದಲ ಬಾರಿಗೆ ಪೆನ್ನು ಕೆಳಗಿಟ್ಟು ಪ್ರಶ್ನೆ ಕೇಳಿದರು. ಮರೆತದ್ದು, ತೋಚದೆ ನಿಂತದ್ದು, ಗಮನ ತಪ್ಪಿದ್ದು, ಇವನ್ನು ನಡೆದಂತೆಯೇ ಬರೆದಿಟ್ಟು ವೈದ್ಯರ ಬಳಿ ಒಯ್ಯುವ ನೋಟ್‌ಬುಕ್ಕೇ ಈ ‘ಮರೆವಿನ ಪುಸ್ತಕ’.

1817ರಲ್ಲಿ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯನ್ನು ಮೊದಲು ವಿವರಿಸಿದಾಗ ಬುದ್ಧಿಗೆ ಧಕ್ಕೆಯಿಲ್ಲ ಎಂದೇ ಬರೆದಿದ್ದರು. ಈ ನಂಬಿಕೆ ಬಹುಕಾಲ ಉಳಿಯಿತು. ಈಗ ತಿಳಿದಿರುವಂತೆ, ಮಿದುಳಿನಲ್ಲಿ ಸಂದೇಶ ಸಾಗಿಸುವ ಡೋಪಮೈನ್ ಎಂಬ ರಾಸಾಯನಿಕ ಕಡಿಮೆಯಾದಾಗ ಕೈಕಾಲುಗಳಷ್ಟೇ ಅಲ್ಲ, ಯೋಜಿಸುವ, ಗಮನ ಹಿಡಿದಿಡುವ, ಒಂದು ಕೆಲಸದಿಂದ ಇನ್ನೊಂದಕ್ಕೆ ಮನಸ್ಸು ಹೊರಳಿಸುವ ಶಕ್ತಿಯೂ ನಿಧಾನವಾಗಬಹುದು. ಇದನ್ನು ಬೇರೆಯವರಿಗಿಂತ ಮೊದಲು ಗುರುತಿಸುವವರು ಅನೇಕ ಬಾರಿ ಕಾಯಿಲೆ ಇರುವವರೇ. ಹಾಗೆ ಅನ್ನಿಸಿದವರಿಗೆಲ್ಲ ಮುಂದೆ ಡಿಮೆನ್ಷಿಯಾ (ನೆನಪು, ಬುದ್ಧಿ ಕುಂದಿ ದಿನದ ಬದುಕೇ ಕಷ್ಟವಾಗುವ ಸ್ಥಿತಿ) ಬರುತ್ತದೆ ಎಂದು ದಯವಿಟ್ಟು ಯಾರೂ ಹೆದರಿಸಬೇಡಿ.

1. ಪುಸ್ತಕ ತೆಗೆದುಕೊಳ್ಳಿ

ಅಗಲ ಗೆರೆಯ ಶಾಲಾ ನೋಟ್‌ಬುಕ್ ಸಾಕು. ಗೆರೆ ಬೇಕೇ ಬೇಕು, ಏಕೆಂದರೆ ಈ ಕಾಯಿಲೆಯಲ್ಲಿ ಅನೇಕರಿಗೆ ಅಕ್ಷರ ಸಾಲಿನ ಕೊನೆಗೆ ಹೋದಂತೆ ಕಿರಿದಾಗುತ್ತದೆ. ಗೆರೆ ಅದನ್ನು ತಡೆಯಲು ನೆರವಾಗುತ್ತದೆ. ಕೈ ಸಹಕರಿಸದಿದ್ದರೆ ಮೊಬೈಲಿನಲ್ಲಿ ಧ್ವನಿ ಮುದ್ರಿಸಿ, ಸಂಜೆ ಮನೆಯವರು ಬರೆಯಲಿ. ‘ಮಿದುಳಿನ ವ್ಯಾಯಾಮ’ದ ಹೆಸರಿನಲ್ಲಿ ಮಾರುವ ದುಬಾರಿ ಡೈರಿಗಳನ್ನು ಕೊಳ್ಳಬೇಡಿ.

2. ಎರಡು ಪುಟ, ಎರಡು ಕೈ

ಎಡಪುಟ ಕಾಯಿಲೆ ಇರುವವರದು, ಬಲಪುಟ ಮನೆಯವರದು. ಒಬ್ಬರ ಪುಟವನ್ನು ಇನ್ನೊಬ್ಬರು ತಿದ್ದಬಾರದು. ಕೆಲವರಿಗೆ ತಮ್ಮ ತಪ್ಪು ತಮಗೆ ಕಾಣುವುದಿಲ್ಲ, ಕೆಲವರಿಗೆ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಎರಡು ಪುಟಗಳ ನಡುವಿನ ಅಂತರವೂ ವೈದ್ಯರಿಗೆ ಮಾಹಿತಿಯೇ.

3. ‘ಮರೆವು’ ಎಂಬ ಪದ ಬಿಟ್ಟು ನಡೆದದ್ದನ್ನು ಬರೆಯಿರಿ

ಎಲ್ಲರೂ ಎಡವುವುದು ಇಲ್ಲಿ. ‘ಇವತ್ತು ತುಂಬಾ ಮರೆವು’ ಎಂದು ಬರೆದ ಪುಟದಿಂದ ಯಾರಿಗೂ ಪ್ರಯೋಜನವಿಲ್ಲ. ಎಲ್ಲಿ ಇದ್ದಿರಿ, ಏನು ಮಾಡುತ್ತಿದ್ದಿರಿ, ಯಾವ ಹಂತದಲ್ಲಿ ನಿಂತಿತು, ಹೇಗೆ ಮುಂದುವರಿಯಿತು, ಇಷ್ಟು ಬೇಕು.

ನಮ್ಮ ಭಾಷೆಯಲ್ಲಿ ಇದಕ್ಕೆ ಪದಗಳ ಬರವಿಲ್ಲ. ‘ತೋಚಲಿಲ್ಲ’ ಬೇರೆ, ‘ನೆನಪಾಗಲಿಲ್ಲ’ ಬೇರೆ. ಉಪ್ಪಿಟ್ಟಿಗೆ ರವೆ ಹುರಿದು, ಒಗ್ಗರಣೆಯನ್ನೂ ಹಾಕಿ, ನೀರು ಈಗಲೋ ಆಮೇಲೋ ಎಂದು ಸೌಟು ಹಿಡಿದು ನಿಂತರೆ ಅದು ತೋಚದಿರುವುದು: ಎಲ್ಲ ಸಾಮಾನು ಗೊತ್ತು, ಕ್ರಮ ತಪ್ಪಿದೆ. ಬೆಳಿಗ್ಗೆ ಉಪ್ಪಿಟ್ಟು ತಿಂದದ್ದೇ ಮನಸ್ಸಿನಲ್ಲಿಲ್ಲ ಎಂದರೆ ಅದು ನಿಜವಾದ ಮರೆವು. ಪಾರ್ಕಿನ್ಸನ್‌ನಲ್ಲಿ, ಅದರಲ್ಲೂ ಆರಂಭದಲ್ಲಿ, ಮೊದಲನೆಯದೇ ಹೆಚ್ಚು.

ಭಾನುವಾರದ ತಾಳಮದ್ದಳೆಯಲ್ಲಿ ಕೌರವನ ಉತ್ತರ ಕೇಳುವಷ್ಟರಲ್ಲಿ ಕೃಷ್ಣ ಹೇಳಿದ್ದು ಜಾರಿಹೋಯಿತೇ? ಹಾಗೆಯೇ ಬರೆಯಿರಿ. ಅದು ಗಮನದ ವಿಷಯ. ನೆರೆಮನೆಯವರ ಹೆಸರು ನಾಲಿಗೆಯ ತುದಿಗೆ ಬಂದು ನಿಂತು, ಅವರು ಲಿಫ್ಟ್ ಹತ್ತಿ ಹೋದ ಮೇಲೆ ಹೊಳೆದರೆ ಅದನ್ನೂ ಬರೆಯಿರಿ, ಎಷ್ಟು ಹೊತ್ತಿನ ನಂತರ ಹೊಳೆಯಿತು ಎಂಬುದರ ಸಮೇತ. ಗೊತ್ತಿರುವ ಗಲ್ಲಿಯಲ್ಲಿ ತಿರುವು ತಪ್ಪಿದರೆ, ಕುರ್ಚಿಯ ಅಂದಾಜು ಸಿಗದೆ ಅಂಚಿನಲ್ಲಿ ಕುಳಿತರೆ ಅದು ಜಾಗದ ಅರಿವಿಗೆ ಸೇರಿದ್ದು.

ಪ್ರತಿ ಘಟನೆಯ ಕೊನೆಗೆ ಒಂದು ಸಾಲು ಕಡ್ಡಾಯ: ಸುಳಿವು ಕೊಟ್ಟಾಗ ನೆನಪಾಯಿತೇ? ‘ಮ ಅಕ್ಷರದಿಂದ ಶುರುವಾಗುವ ಹೆಸರು’ ಎಂದ ಕೂಡಲೇ ಹೊಳೆದರೆ ನೆನಪು ಒಳಗೆ ಇದೆ, ತೆಗೆಯಲು ತಡವಾಗುತ್ತಿದೆ ಎಂದರ್ಥ. ಪಾರ್ಕಿನ್ಸನ್‌ನಲ್ಲಿ ಹೆಚ್ಚಾಗಿ ಹೀಗೆ. ಆಲ್‌ಝೈಮರ್ ಕಾಯಿಲೆಯಲ್ಲಿ ನೆನಪು ಒಳಗೆ ಸೇರುವುದೇ ಕಷ್ಟವಾಗುವುದರಿಂದ ಸುಳಿವಿನಿಂದ ಅಷ್ಟು ಸಹಾಯವಾಗುವುದಿಲ್ಲ. ಇಡೀ ಪುಸ್ತಕದಲ್ಲಿ ಈ ಒಂದು ಸಾಲಿಗೆ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ. ಆದರೆ ಸುಳಿವು ಕೊಡುವ ಮೊದಲು ಮನಸ್ಸಿನಲ್ಲೇ ಹತ್ತು ಎಣಿಸಿ. ನಾವು ಅವಸರಪಟ್ಟು ಅವರ ವಾಕ್ಯ ಮುಗಿಸಿಬಿಟ್ಟರೆ ಅದು ನಿಧಾನವೋ ಮರೆವೋ ಎಂಬುದು ತಿಳಿಯುವುದೇ ಇಲ್ಲ.

ಎಲ್ಲರಿಗೂ ಆಗುವ ಗೊಂದಲವನ್ನು ಕಾಯಿಲೆಯ ತಲೆಗೆ ಕಟ್ಟಬೇಡಿ. 2023ರ ಡಿಸೆಂಬರ್‌ನಲ್ಲಿ ದಾದರ್ ನಿಲ್ದಾಣದ ಸೆಂಟ್ರಲ್ ರೈಲ್ವೆ ಪ್ಲಾಟ್‌ಫಾರ್ಮ್‌ಗಳ ಸಂಖ್ಯೆ ಬದಲಾಯಿಸಿದಾಗ ದಿನವೂ ಓಡಾಡುವವರೂ ಸೇತುವೆಯ ಮೇಲೆ ನಿಂತು ಫಲಕ ಓದಿದರು. ನನ್ನ ತಂದೆ ಆಗ ತಡವರಿಸಿದ್ದನ್ನು ನಾವು ಬರೆಯಲಿಲ್ಲ. ಕೆಲವು ತಿಂಗಳ ನಂತರ ಫಲಕವನ್ನು ಸರಿಯಾಗಿ ಓದಿಯೂ, ಜನ ಒತ್ತರಿಸುತ್ತಿದ್ದಂತೆ ಯಾವ ಮೆಟ್ಟಿಲು ಇಳಿಯಬೇಕೆಂದು ನಿರ್ಧರಿಸಲಾಗದೆ ನಿಂತರು. ಅದನ್ನು ಬರೆದೆವು.

4. ಗಂಟೆ ಮತ್ತು ಮಾತ್ರೆ

ಘಟನೆ ನಡೆದ ಹೊತ್ತು, ಮಿದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಲೆವೊಡೋಪಾ ಮಾತ್ರೆ ತೆಗೆದುಕೊಂಡು ಎಷ್ಟು ಹೊತ್ತಾಗಿತ್ತು, ಹಿಂದಿನ ರಾತ್ರಿ ನಿದ್ದೆ ಹೇಗಿತ್ತು, ಎದ್ದು ನಿಂತಾಗ ತಲೆ ತಿರುಗಿತೇ, ಮನಸ್ಸು ಕುಗ್ಗಿತ್ತೇ ಎಂಬುದನ್ನು ಅಂಚಿನಲ್ಲಿ ಗುರುತು ಮಾಡಿ. ಮಾತ್ರೆಯ ಪ್ರಭಾವ ಇಳಿದಾಗ ಕೈಕಾಲಿನಂತೆ ಯೋಚನೆಯೂ ಬಿಗಿಯುವವರಿದ್ದಾರೆ. ಎರಡು ವಾರ ಬರೆದರೆ ವಿನ್ಯಾಸ ತಾನಾಗಿ ಕಾಣುತ್ತದೆ.

5. ಮನೆಯ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿ

ಪಟ್ಟಿ ಬರೆಯಬೇಡಿ, ಮಾತ್ರೆಗಳನ್ನೇ ಒಯ್ಯಿರಿ. ಪಟ್ಟಿಯಲ್ಲಿ ನೆಗಡಿಯ ಮಾತ್ರೆ, ನಿದ್ದೆಯ ಮಾತ್ರೆ ಬಿಟ್ಟುಹೋಗುತ್ತವೆ. ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್, ಮೂತ್ರದ ಅವಸರಕ್ಕೆ ಕೊಡುವ ಕೆಲವು ಔಷಧಗಳು, ನಿದ್ದೆ ಬರಿಸುವ ಹಳೆಯ ಅಲರ್ಜಿ ಮಾತ್ರೆಗಳು ಹಿರಿಯರ ತಲೆಗೆ ಮಂಕು ಕವಿಸಬಲ್ಲವು. ನನ್ನ ತಂದೆಯ ಚೀಲದಿಂದ ವೈದ್ಯರು ಇಂಥ ಎರಡನ್ನು ಹೆಕ್ಕಿ ಬದಲಾಯಿಸಿದರು. ಆದರೆ ಇದನ್ನು ಓದಿ ಯಾವುದನ್ನೂ ನೀವೇ ನಿಲ್ಲಿಸಬೇಡಿ. ಥಟ್ಟನೆ ನಿಲ್ಲಿಸುವುದು ಅಪಾಯ. ಊರಿನಿಂದ ತರಿಸಿದ ನಸುಗುನ್ನಿ ಬೀಜದ ಪುಡಿಯನ್ನೂ ಮುಚ್ಚಿಡಬೇಡಿ. ಆ ಬೀಜದಲ್ಲಿ ಲೆವೊಡೋಪಾ ಇದೆ, ಮಾತ್ರೆಯ ಲೆಕ್ಕವೇ ತಪ್ಪುತ್ತದೆ.

6. ವೈದ್ಯರ ಮುಂದೆ

ಇಡೀ ಪುಸ್ತಕ ಓದಬೇಡಿ. ಮೂರು ಘಟನೆಗಳನ್ನು ಮೊದಲೇ ಗುರುತಿಸಿ, ಕಾಯಿಲೆ ಇರುವವರ ಬಾಯಿಂದಲೇ ಹೇಳಿಸಿ, ಅದನ್ನು ಪದಕ್ಕೆ ಪದ ಹಿಂದಿಗೋ ಮರಾಠಿಗೋ ತನ್ನಿ. ವಿಟಮಿನ್ ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ, ಸರಿಪಡಿಸಬಹುದಾದದ್ದು ಕೂಡ. ನೆನಪು, ಗಮನ ಅಳೆಯುವ ‘ಮೋಕಾ’ ಎಂಬ 30 ಅಂಕಗಳ ಪರೀಕ್ಷೆ ಮಾಡುವುದಾದರೆ ಕನ್ನಡದ ಆವೃತ್ತಿ ಕೇಳಿ, ಮಾತ್ರೆಯ ಪ್ರಭಾವ ಚೆನ್ನಾಗಿರುವ ಹೊತ್ತಿನಲ್ಲಿ ಮಾಡಿಸಿ, ಎಷ್ಟು ವರ್ಷ ಶಾಲೆಗೆ ಹೋದವರು ಎಂದು ತಿಳಿಸಿ. ಹಿಂದಿಯ ಪದಪಟ್ಟಿ ನೆನಪಿಡಲಾಗದ ಕಾರ್ಕಳದ ಅಜ್ಜಿಗೆ ಕಡಿಮೆ ಅಂಕ ಬಂದರೆ ಅದು ನ್ಯಾಯವಲ್ಲ.

ಕೆಲವು ವಿಷಯಗಳಿಗೆ ಮುಂದಿನ ಭೇಟಿಯವರೆಗೆ ಕಾಯಬಾರದು. ಮೂಲೆಯಲ್ಲಿ ಇಲ್ಲದ ಬೆಕ್ಕು, ಮಕ್ಕಳು ಕಾಣಿಸುವುದು, ಹೊಸ ಮಾತ್ರೆ ಶುರುವಾದ ಮೇಲೆ ಜೂಜು ಅಥವಾ ಖರೀದಿಯ ಹುಚ್ಚು ಹಿಡಿಯುವುದು, ಇವನ್ನು ನಾಚಿಕೆಯಿಂದ ಬಚ್ಚಿಡದೆ ವೈದ್ಯರಿಗೆ ಬೇಗ ತಿಳಿಸಿ. ಒಂದೆರಡು ದಿನಗಳಲ್ಲಿ ಥಟ್ಟನೆ ಗೊಂದಲ ಹೆಚ್ಚಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಮೂತ್ರದ ಸೋಂಕು, ನಿರ್ಜಲೀಕರಣ ಅಥವಾ ಹೊಸ ಔಷಧ ಕಾರಣವಾಗಿರಬಹುದು.

ಮನೆಗೆ ಬಂದ ಮೇಲೆ, ಔಷಧದಲ್ಲಿ ಏನು ಬದಲಾಯಿತೋ ಅದನ್ನು ದಿನಾಂಕದೊಡನೆ ಅದೇ ಪುಸ್ತಕದಲ್ಲಿ ಬರೆದು, ಕೆಳಗೆ ದಪ್ಪ ಗೆರೆ ಎಳೆಯಿರಿ. ಮುಂದಿನ ಎರಡು ವಾರದ ಬರಹ ಆ ಗೆರೆಯ ಕೆಳಗಿನಿಂದ ಶುರುವಾಗಲಿ.