0.78 ಬಂದಾಗ ನಾನು ಸ್ಟೆಂಟ್ ಹಾಕಲಿಲ್ಲ

ಬ್ಯಾಡಗಿ ಕಡೆಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಹುಬ್ಬಳ್ಳಿಗೆ ನನ್ನ ಹತ್ತಿರ ಬಂದಿದ್ದರು. ಅವಸರದಲ್ಲಿ ನಡೆದರೆ ಒಮ್ಮೊಮ್ಮೆ ಎದೆ ಬಿಗಿಯುತ್ತಿತ್ತು. ಆಂಜಿಯೋಗ್ರಾಮ್‌ನಲ್ಲಿ ಹೃದಯದ ಮುಂಭಾಗದ ದೊಡ್ಡ ರಕ್ತನಾಳದಲ್ಲಿ ಶೇ. 60ರಷ್ಟು ಬ್ಲಾಕ್ ಕಂಡಿತು. ಮಗ, "ರೊಕ್ಕದ ಚಿಂತಿ ಬ್ಯಾಡ್ರಿ ಸಾಹೇಬ್ರ, ಸ್ಟೆಂಟ್ ಹಾಕೇ ಬಿಡ್ರಿ" ಅಂದ.

ಕಣ್ಣು ಮೋಸ ಹೋಗುವುದೇ ಇಂಥ ನಡುವಿನ ಬ್ಲಾಕ್‌ಗಳಲ್ಲಿ. 2009ರಲ್ಲಿ ಪ್ರಕಟವಾದ ಫೇಮ್ ಅಧ್ಯಯನದಲ್ಲಿ, ನೋಟಕ್ಕೆ ಶೇ. 50ರಿಂದ 70 ಕಂಡ ಬ್ಲಾಕ್‌ಗಳ ಪೈಕಿ ನಿಜಕ್ಕೂ ರಕ್ತ ತಡೆಯುತ್ತಿದ್ದವು ಸುಮಾರು ಮೂರನೇ ಒಂದು ಪಾಲು ಮಾತ್ರ.

"ಹೊಲದಾಗ ಒಂದ ಸ್ಪ್ರಿಂಕ್ಲರ್ ಬಿಟ್ರ ಪೈಪಿನ್ಯಾಗ ಕಸ ಇದ್ರೂ ಗೊತ್ತಾಗಂಗಿಲ್ಲ. ಎಲ್ಲಾ ಒಮ್ಮೆಲೇ ಬಿಟ್ಟಾಗ ಕಡೀಕ ನೀರು ಎಷ್ಟು ಜೋರ್ ಬರ್ತೈತಿ, ಅದನ್ನ ನೋಡಬೇಕು" ಅಂತ ಮಗನಿಗೆ ತಿಳಿಸಿದೆ. ಬ್ಲಾಕ್ ನಿಜಕ್ಕೂ ರಕ್ತ ತಡೆಯುತ್ತಿದೆಯೇ ಎಂದು ನೋಡುವ ಎಫ್‌ಎಫ್‌ಆರ್ (ಫ್ರ್ಯಾಕ್ಷನಲ್ ಫ್ಲೋ ರಿಸರ್ವ್) ಅಳತೆಯೂ ಹೀಗೇ. ಅಡಿನೋಸಿನ್ ಕೊಟ್ಟು ಸಣ್ಣ ನಾಳಗಳನ್ನೆಲ್ಲ ಅರಳಿಸಿ, ಬ್ಲಾಕ್‌ನ ಆಚೆಗಿನ ಒತ್ತಡವನ್ನು ಮಹಾಪಧಮನಿಯ ಒತ್ತಡದಿಂದ ಭಾಗಿಸುತ್ತೇವೆ. 0.80 ಅಥವಾ ಅದಕ್ಕಿಂತ ಕಡಿಮೆ ಬಂದರೆ ಆ ಬ್ಲಾಕ್ ರಕ್ತ ತಡೆಯುತ್ತಿದೆ ಎಂದರ್ಥ.

ಹಿಂದಿನ ದಿನದಿಂದಲೇ ಚಹಾ ಬಿಡಿಸಿದ್ದೆ. ಕೆಫೀನ್ ಇದ್ದರೆ ಅಡಿನೋಸಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಒತ್ತಡ ಅಳೆಯುವ ಸೆನ್ಸರ್ ಇರುವ ತಂತಿಯನ್ನು ಕ್ಯಾತಿಟರ್ ಎಂಬ ತೆಳು ಕೊಳವೆಯ ತುದಿಗೆ ತಂದು, ತಂತಿ ಮತ್ತು ಕ್ಯಾತಿಟರ್ ಎರಡೂ ತೋರಿಸುವ ಒತ್ತಡ ಸಮ ಮಾಡಿಕೊಂಡೆ. ಆಮೇಲೆ ತಂತಿಯನ್ನು ಬ್ಲಾಕ್‌ನ ಆಚೆ ದಾಟಿಸಿ, ರಕ್ತನಾಳ ಸಡಿಲಿಸುವ ನೈಟ್ರೋಗ್ಲಿಸರಿನ್, ನಂತರ ಕೆಜಿಗೆ ನಿಮಿಷಕ್ಕೆ 140 ಮೈಕ್ರೋಗ್ರಾಮ್‌ನಂತೆ ಅಡಿನೋಸಿನ್. "ಎದಿ ಒತ್ತಿದಂಗ ಆಕ್ಕೇತಿ, ಅಂಜಬ್ಯಾಡ್ರಿ, ಔಷಧ ನಿಲ್ಲಿಸಿದ ಕೂಡ್ಲೆ ಕಡಿಮಿ ಆಕ್ಕೇತಿ" ಎಂದು ಮೊದಲೇ ಹೇಳಿದ್ದೆ. ಹೇಳದೆ ಕೊಟ್ಟರೆ ಹಾರ್ಟ್ ಅಟ್ಯಾಕ್ ಆಯಿತೆಂದು ಜೀವ ಹೋಗುವಷ್ಟು ಹೆದರುತ್ತಾರೆ.

ಪರದೆಯ ಮೇಲೆ 0.78 ಬಂತು. ಸಿಸ್ಟರ್ ಸ್ಟೆಂಟ್ ಅಳತೆ ಕೇಳಿದರು.

ತಡೆಯಿರಿ ಅಂದೆ. ಸೆನ್ಸರನ್ನು ಹಿಂದೆಳೆದು ಕ್ಯಾತಿಟರ್ ತುದಿಗೆ ತಂದೆ. ಅಲ್ಲಿ 1.00 ತೋರಿಸಬೇಕು, ತೋರಿಸಿದ್ದು 0.94. ತಂತಿ ಡ್ರಿಫ್ಟ್ ಆಗಿತ್ತು, ಅಂದರೆ ಅದರ ಅಳತೆಯೇ ಜಾರಿತ್ತು! ಮತ್ತೆ ಸಮ ಮಾಡಿ, ಮತ್ತೆ ಒಳಗೆ ಬಿಟ್ಟು, ಆ ಹಿರಿಯರಿಗೆ ಇನ್ನೊಮ್ಮೆ ಅದೇ ಸಂಕಟ ಕೊಟ್ಟು ಅಳೆದೆ. 0.84. ಹಿಂದೆಳೆದಾಗ ಈ ಸಲ 1.00. ಒಂದೆರಡು ನಿಮಿಷದ ಆ ಕೆಲಸ ಬಿಟ್ಟಿದ್ದರೆ ಬೇಡವಾದ ಲೋಹದ ತುಂಡೊಂದು ಅವರ ಹೃದಯದಲ್ಲಿ ಕಾಯಂ ಆಗಿ ಕೂತಿರುತ್ತಿತ್ತು. ಅದನ್ನು ನೆನೆದರೆ ಈಗಲೂ ಮೈ ಜುಮ್ ಅನ್ನುತ್ತದೆ.

"ಬ್ಲಾಕ್ ಹಂಗ ಬಿಡೂದೇನ್ರಿ?" ಮಗನಿಗೆ ಸಮಾಧಾನವಿರಲಿಲ್ಲ. ಡಿಫರ್ ಅಧ್ಯಯನದ ಮಾತು ಹೇಳಿದೆ, ಅದರಲ್ಲಿ ಗಡಿ 0.75 ಇತ್ತು: ಎಫ್‌ಎಫ್‌ಆರ್ 0.75 ಮತ್ತು ಮೇಲ್ಪಟ್ಟ ಬ್ಲಾಕ್‌ಗಳನ್ನು ಸ್ಟೆಂಟ್ ಹಾಕದೆ ಬಿಟ್ಟಾಗ, ಅವುಗಳಿಂದ ಸಾವು ಅಥವಾ ಹೃದಯಾಘಾತದ ಅಪಾಯ ಐದು ವರ್ಷಗಳಲ್ಲಿ ವರ್ಷಕ್ಕೆ ಶೇ. 1ಕ್ಕಿಂತ ಕಡಿಮೆಯಿತ್ತು. ಆಸ್ಪಿರಿನ್, ಸ್ಟಾಟಿನ್, ಬಿಪಿ ಗುಳಿಗೆ ಬರೆದು, ತಂಬಾಕು ಬಿಡಲೇಬೇಕೆಂದು ಗಟ್ಟಿಯಾಗಿ ಹೇಳಿ ಕಳಿಸಿದೆ.

ಅಂದಿನಿಂದ ಡಿಸ್ಚಾರ್ಜ್ ಕಾರ್ಡಿನಲ್ಲಿ ಎಫ್‌ಎಫ್‌ಆರ್ ಸಂಖ್ಯೆಯ ಪಕ್ಕದಲ್ಲೇ ತಂತಿ ಹಿಂದೆಳೆದಾಗ ಎಷ್ಟಿತ್ತು ಎಂಬುದನ್ನೂ ಬರೆಯುತ್ತೇನೆ.