ಕೊರಳಲ್ಲಿದ್ದ ಟೇಪು

ಹತ್ತೊಂಬತ್ತು ವರ್ಷದಿಂದ ಮೈಸೂರಿನ ಸರಸ್ವತಿಪುರಂನಲ್ಲಿ ಬ್ಲೌಸ್ ಹೊಲಿಯುತ್ತಿದ್ದೇನೆ. ಬೆಳಿಗ್ಗೆ ಹತ್ತಕ್ಕೆ ಅಂಗಡಿ ಬಾಗಿಲು ತೆಗೆದರೆ ರಾತ್ರಿ ಎಂಟರವರೆಗೂ ಟೇಪು ಕೊರಳಲ್ಲೇ ಇರುತ್ತದೆ. ನನ್ನ ಸೊಂಟದ ಅಳತೆ ತೆಗೆದದ್ದು ಮಾತ್ರ 44ನೇ ವಯಸ್ಸಿನಲ್ಲಿ, ಅದೂ ಡಾಕ್ಟರ್ ಹೇಳಿದ ಮೇಲೆ. 38 ಇಂಚು. ತೂಕ 74 ಕೆಜಿ.

ಭಾರತದ ಹೆಂಗಸರಿಗೆ ಸೊಂಟ 80 ಸೆಂಟಿಮೀಟರ್ ದಾಟಬಾರದು ಎಂದರು ಅವರು. ಅಂದರೆ ಮೂವತ್ತೊಂದೂವರೆ ಇಂಚು. ಥೈರಾಯಿಡ್ ಸರಿಯಾಗಿತ್ತು. ಖಾಲಿ ಹೊಟ್ಟೆಯ ಸಕ್ಕರೆ 112 ಇತ್ತು, 100ರೊಳಗೆ ಇರಬೇಕಿತ್ತು. ನಮ್ಮಮ್ಮನಿಗೆ ಸಕ್ಕರೆ ಕಾಯಿಲೆ. ಅವರ ಕಾಲಿನ ಒಂದು ಸಣ್ಣ ಗಾಯ ಆರು ತಿಂಗಳಾದರೂ ಮಾಯಲಿಲ್ಲ. ಆ ಡ್ರೆಸಿಂಗ್ ಬದಲಾಯಿಸುತ್ತಿದ್ದವಳು ನಾನೇ. ರಿಪೋರ್ಟ್ ಹಿಡಿದುಕೊಂಡು ಮನೆಗೆ ಬರುವಾಗ ಕಣ್ಣ ಮುಂದೆ ಬರೀ ಆ ಕಾಲು.

ಭಯಕ್ಕೆ ಬಿದ್ದು ಮೊದಲು ಮಾಡಿದ್ದು ತಪ್ಪು ಕೆಲಸ. ರಾತ್ರಿ ಊಟ ಪೂರ್ತಿ ಬಿಟ್ಟೆ. ಪರಿಚಯದವರೊಬ್ಬರು ಮಾರುತ್ತಿದ್ದ ಪುಡಿಯನ್ನು ನೀರಿಗೆ ಕಲಸಿ ಕುಡಿದೆ. ಮೂರು ವಾರದಲ್ಲಿ 4 ಕೆಜಿ ಇಳಿಯಿತು. ಊಟ ಶುರು ಮಾಡಿದ ಒಂದೂವರೆ ತಿಂಗಳಿಗೆ ಅಷ್ಟೂ ವಾಪಸ್ ಬಂತು. ಕಾರಣ ಆಮೇಲೆ ಗೊತ್ತಾಯಿತು. ದೇಹ ಲಿವರ್‌ನಲ್ಲೂ ಸ್ನಾಯುಗಳಲ್ಲೂ ಒಂದಿಷ್ಟು ಸಕ್ಕರೆ ಕೂಡಿಟ್ಟಿರುತ್ತದೆ. ಅದರ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಸೇರಿಕೊಂಡಿರುತ್ತದೆ. ಊಟ ಬಿಟ್ಟಾಗ ಮೊದಲು ಕರಗುವುದು ಅದೇ. ಕಾಟಾದಲ್ಲಿ ಇಳಿದಂತೆ ಕಂಡದ್ದರಲ್ಲಿ ಒಳ್ಳೆಯ ಪಾಲು ನೀರು. ಒಂದು ಕೆಜಿ ಕೊಬ್ಬು ಕರಗಬೇಕಾದರೆ ಹೆಚ್ಚುಕಮ್ಮಿ 7,700 ಕ್ಯಾಲೊರಿ ಖರ್ಚಾಗಬೇಕು. 4 ಕೆಜಿಗೆ 30,800 ಆಯಿತು, ಅದು ಒಂದು ಹೊತ್ತು ಊಟ ಬಿಟ್ಟು ಮೂರು ವಾರದಲ್ಲಿ ಮುಗಿಯುವ ಲೆಕ್ಕ ಅಲ್ಲವೇ ಅಲ್ಲ.

ಎರಡನೇ ಸಲ ಅಡುಗೆಮನೆಯಿಂದ ಶುರು ಮಾಡಿದೆ. ನಾವು ನಾಲ್ಕು ಜನ. ತಿಂಗಳಿಗೆ 5 ಲೀಟರಿನ ಒಂದು ಕ್ಯಾನ್ ಎಣ್ಣೆ ಖಾಲಿಯಾಗುತ್ತಿತ್ತು. ಕೂತು ಲೆಕ್ಕ ಹಾಕಿದೆ. ತಲೆಗೆ ದಿನಕ್ಕೆ ಸುಮಾರು 38 ಗ್ರಾಂ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ, ಅಲ್ಲಿಗೆ 340 ಆಯಿತು. ವಡೆ, ಬಜ್ಜಿ ಕರಿದು ತಿನ್ನುವ ಮನೆ ನಮ್ಮದಲ್ಲ. ಪಲ್ಯಕ್ಕೆ, ಚಿತ್ರಾನ್ನಕ್ಕೆ, ದೋಸೆಗೆ ಕ್ಯಾನ್ ಬಗ್ಗಿಸಿ ಸುರಿದದ್ದೇ ಅಷ್ಟು! ಅವತ್ತಿನಿಂದ ಎಣ್ಣೆಯನ್ನು ಚಿಕ್ಕ ಡಬ್ಬಕ್ಕೆ ಹಾಕಿ ಚಮಚದಲ್ಲಿ ಅಳೆಯತೊಡಗಿದೆ. ಬಟ್ಟೆ ಅಳೆಯದೆ ಕತ್ತರಿ ಇಡುವವಳಲ್ಲ ನಾನು, ಎಣ್ಣೆಗೆ ಮಾತ್ರ ಯಾಕೆ ಅಂದಾಜು ಅನ್ನಿಸಿತು. ಮೂರು ದಿನಕ್ಕೆ ಅತ್ತೆ, "ಏನಮ್ಮಾ, ಪಲ್ಯ ಒಣ ಒಣ ಅಂತಿದೆ" ಎಂದರು. ಮೇಲೆ ಎರಡು ಚಮಚ ಕಾಯಿತುರಿ, ಒಂಚೂರು ನಿಂಬೆರಸ ಹಾಕಿ ಕೊಟ್ಟೆ. ಆಮೇಲೆ ಏನೂ ಅನ್ನಲಿಲ್ಲ. ಈಗ ತಿಂಗಳಿಗೆ 3 ಲೀಟರಿನಲ್ಲಿ ಮುಗಿಯುತ್ತದೆ.

ಕಾಫಿ ಬಿಡಲಿಲ್ಲ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ ಇದ್ದದ್ದನ್ನು ಎರಡು ಲೋಟ, ಒಂದೊಂದು ಚಮಚಕ್ಕೆ ತಂದೆ. ಅದಕ್ಕೇ ಎರಡು ತಿಂಗಳು ಹಿಡಿಯಿತು.

ಮುದ್ದೆ ತಿಂದರೆ ತೂಕ ಇಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ತೂಕಕ್ಕೆ ತೂಕ ನೋಡಿದರೆ ಅಕ್ಕಿಗೂ ರಾಗಿಗೂ ಕ್ಯಾಲೊರಿಯಲ್ಲಿ ಅಂಥ ವ್ಯತ್ಯಾಸ ಇಲ್ಲ. ರಾಗಿಯಲ್ಲಿ ನಾರು ಜಾಸ್ತಿ, ಹೊಟ್ಟೆ ತುಂಬಿದಂತೆ ಇರುತ್ತದೆ, ಅದೇ ಅದರ ಉಪಕಾರ. ನನಗೆ ಹೆಚ್ಚು ಸಹಾಯ ಮಾಡಿದ್ದು ಕಾಳು. ಮೊದಲು ತಟ್ಟೆ ತುಂಬ ಅನ್ನ, ಮೇಲೆ ತಿಳಿಸಾರು. ನಾಲ್ಕು ಗಂಟೆಗೆ ಮತ್ತೆ ಹಸಿವು, ಪಕ್ಕದ ಬೇಕರಿಯಿಂದ ಪಫ್ಸು. ಈಗ ಒಂದು ಚಿಕ್ಕ ಮುದ್ದೆ, ಬಟ್ಟಲು ತುಂಬ ಹುರುಳಿಕಾಳಿನ ಸಾರು ಇಲ್ಲವೇ ಮೊಳಕೆ ಹೆಸರುಕಾಳಿನ ಉಸಲಿ, ಒಂದು ಮೊಟ್ಟೆ, ಸೊಪ್ಪಿನ ಪಲ್ಯ. 50 ಗ್ರಾಂ ಹುರುಳಿಯಲ್ಲಿ ಸುಮಾರು 11 ಗ್ರಾಂ ಪ್ರೋಟೀನ್ ಇರುತ್ತದೆ, ಮೊಟ್ಟೆಯಲ್ಲಿ 6. ಸಂಜೆ ಬೇಕರಿ ಕಡೆ ಮನಸ್ಸು ಎಳೆಯುವುದು ತಾನಾಗಿಯೇ ಕಡಿಮೆಯಾಯಿತು.

ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡಿಗೆ. ಮೊದಲ ತಿಂಗಳು ಅರ್ಧ ದಾರಿಗೇ ವಾಪಸ್ ಬರುತ್ತಿದ್ದೆ, ಮಂಡಿ ನೋಯುತ್ತಿತ್ತು. ಮಧ್ಯಾಹ್ನ ಅಂಗಡಿಯಲ್ಲಿ ಕುರ್ಚಿಯಿಂದ ಕೈ ಊರದೆ ಹದಿನೈದು ಸಲ ಏಳುವುದು, ಕೂರುವುದು. ಖಾಲಿಯಾದ ಎಣ್ಣೆ ಕ್ಯಾನಿಗೆ ನೀರು ತುಂಬಿಟ್ಟಿದ್ದೇನೆ, ಸರಿಯಾಗಿ 5 ಕೆಜಿ. ಒಂದೊಂದು ಕೈಯಲ್ಲಿ ಹನ್ನೆರಡು ಸಲ ಎತ್ತುತ್ತೇನೆ. ಸ್ನಾಯುಗಳಿಗೆ ಕೆಲಸ ಕೊಡದೆ ಊಟ ಮಾತ್ರ ಕಡಿಮೆ ಮಾಡಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಮೊದಲ ಸಲ ನನಗೆ ಮಿಷಿನ್ ಮುಂದೆ ಕೂರಲೂ ಸುಸ್ತಾಗುತ್ತಿತ್ತು, ಈ ಸಲ ಹಾಗಾಗಲಿಲ್ಲ.

ದಸರಾದಿಂದ ದೀಪಾವಳಿವರೆಗೆ ಎಲ್ಲ ತಪ್ಪಿತು. ರಾತ್ರಿ ಒಂದು ಗಂಟೆವರೆಗೆ ಹೊಲಿಗೆ, ಗಿರಾಕಿಗಳು ತಂದುಕೊಡುವ ಸಿಹಿ, ನಡಿಗೆ ಇಲ್ಲ. ಒಂದೂವರೆ ಕೆಜಿ ಏರಿತು. ಹಬ್ಬ ಮುಗಿದ ಮರುದಿನ ಮತ್ತೆ ಕೆರೆ ಏರಿಗೆ ಹೋದೆ. ಉಪವಾಸ ಮಾಡಲಿಲ್ಲ. ಮಾಮೂಲಿ ಊಟ ಮಾಡಿಕೊಂಡೇ ಆರು ವಾರದಲ್ಲಿ ಅದು ಇಳಿಯಿತು.

ಅದಕ್ಕೂ ಮೊದಲು ಏಳು ವಾರ ಕಾಟಾ ಒಂದು ಚೂರೂ ಅಲುಗಾಡಿರಲಿಲ್ಲ. ಅಳು ಬಂದಿತ್ತು. ಟೇಪು ಹಿಡಿದರೆ ಸೊಂಟ ಅರ್ಧ ಇಂಚು ಇಳಿದಿತ್ತು. ಅಲ್ಲಿಂದ ತಿಂಗಳಿಗೊಮ್ಮೆ ಟೇಪನ್ನೇ ನಂಬಿದ್ದೇನೆ. ಅಳೆಯುವಾಗ ಒಂದು ಮಾತು ನೆನಪಿಡಿ. ಲಂಗದ ಲಾಡಿ ಕಟ್ಟುವ ಜಾಗದಲ್ಲಿ ಅಳೆಯಬೇಡಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಬರಬೇಕು. ಹೊಟ್ಟೆ ಎಳೆದುಕೊಳ್ಳದೆ, ಸುಮ್ನೆ ಉಸಿರು ಬಿಟ್ಟು ನಿಲ್ಲಿ.

ಹದಿನಾಲ್ಕು ತಿಂಗಳಿಗೆ 65 ಕೆಜಿಗೆ ಬಂದಿದ್ದೇನೆ. ಸಕ್ಕರೆ 96. ಸೊಂಟ 33 ಇಂಚು, ಇನ್ನೂ ಒಂದೂವರೆ ಇಳಿಯಬೇಕು. ಹೋದ ವಾರ ತಮ್ಮನ ಮಗಳ ನಾಮಕರಣಕ್ಕೆ ಹಳೆಯ ರೇಷ್ಮೆ ಬ್ಲೌಸ್ ಹೊರಗೆ ತೆಗೆದೆ. ಹಿಂದೆ ಬಿಗಿಯಾಯಿತು ಎಂದು ನಾನೇ ಒಳಗಿನ ಬಟ್ಟೆಯನ್ನೆಲ್ಲ ಬಿಚ್ಚಿ ಅಗಲ ಮಾಡಿದ್ದೆ. ಹಳೆ ಹೊಲಿಗೆಯ ಸೂಜಿ ತೂತುಗಳು ಇನ್ನೂ ಸಾಲಾಗಿ ಕಾಣುತ್ತಿದ್ದವು. ಆ ತೂತುಗಳ ಮೇಲೆಯೇ ಮತ್ತೆ ಮಿಷಿನ್ ಓಡಿಸಿದೆ.